ಸಿಕಂದರಾಬಾದಿಗೆ ಹೋಗುವ ದಾರಿಗಳು

ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಅದೇ ಬೀದರಿನಿಂದ ಬೆಂಗಳೂರಿಗೆ ಸುಮಾರು 700. ಔರಾದ್ ಕಡೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದನೆನ್ನಿ, ಜನಗಣತಿಯ ಪುಸ್ತಕದಲ್ಲಿ ಅವನದು ರಾಜ್ಯದೊಳಗಿನ ವಲಸೆ. ತಮ್ಮ ಬೆಳಿಗ್ಗೆ ಬಸ್ಸು ಹತ್ತಿ ಮಧ್ಯಾಹ್ನದ ಊಟದ ಹೊತ್ತಿಗೆ ಸಿಕಂದರಾಬಾದ್ ಸೇರಿದರೆ ಅವನದು ಅಂತರರಾಜ್ಯ ವಲಸೆ. ಒಬ್ಬ ರಾತ್ರಿಯಿಡೀ ಪ್ರಯಾಣ ಮಾಡಿಯೂ ತನ್ನ ರಾಜ್ಯದಲ್ಲೇ ಉಳಿಯುತ್ತಾನೆ. ಇನ್ನೊಬ್ಬ ಜಹೀರಾಬಾದ್ ತಲುಪುವಷ್ಟರಲ್ಲಿ ಹೊರನಾಡಿನವನಾಗಿರುತ್ತಾನೆ.

1956ರ ಅಕ್ಟೋಬರ್ 31ರವರೆಗೆ ಈ ಲೆಕ್ಕ ತಿರುವುಮುರುವಾಗಿತ್ತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಹೈಕೋರ್ಟು ಹೈದರಾಬಾದಿನಲ್ಲಿ, ಸಚಿವಾಲಯ ಹೈದರಾಬಾದಿನಲ್ಲಿ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಅಲ್ಲಿಯೇ. ನಿಜಾಮರ ಆಡಳಿತದಲ್ಲಿ ಮುಲ್ಕಿ ನಿಯಮವೊಂದಿತ್ತು. ರಾಜ್ಯದಲ್ಲಿ ಹುಟ್ಟಿದವರು ಅಥವಾ ಹದಿನೈದು ವರ್ಷ ನೆಲೆಸಿದವರು ಮುಲ್ಕಿಗಳು, ಸರ್ಕಾರಿ ನೌಕರಿಯಲ್ಲಿ ಅವರಿಗೆ ಮೊದಲ ಹಕ್ಕು. ಆ ನಿಯಮದಡಿ ಗುಲ್ಬರ್ಗಾದ ಕನ್ನಡಿಗ ಹೈದರಾಬಾದಿನಲ್ಲಿ ಮನೆಯವನು, ಧಾರವಾಡದ ಕನ್ನಡಿಗ ಗೈರ್‌ಮುಲ್ಕಿ. ಗುಂಟೂರಿನ ತೆಲುಗನೂ ಗೈರ್‌ಮುಲ್ಕಿಯೇ. ನವೆಂಬರ್ 1ರಂದು ರಾಜ್ಯ ಮೂರು ಭಾಗವಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ ಸೇರಿದವು. ಹತ್ತು ವರ್ಷ ಮೊದಲೇ ಸಿಕಂದರಾಬಾದಿನಲ್ಲಿ ಸಂಸಾರ ಹೂಡಿದ್ದ ಗುಲ್ಬರ್ಗಾದವರು ಕುಳಿತಲ್ಲೇ ಅನ್ಯರಾಜ್ಯದವರಾದರು. ಗುಂಟೂರಿನವರು ಕುಳಿತಲ್ಲೇ ಒಳಗಿನವರಾದರು. 2014ರ ಜೂನ್ 2ರಂದು ತೆಲಂಗಾಣ ರಾಜ್ಯ ಹುಟ್ಟಿದಾಗ ಗುಂಟೂರಿನವರ ಸರದಿಯೂ ಮತ್ತೆ ಬದಲಾಯಿತು.

ವಲಸೆಯ ಬಗ್ಗೆ ಮಾತನಾಡುವಾಗ ಜನರೇ ಗಡಿ ದಾಟುತ್ತಾರೆ ಎಂದು ನಾವು ಭಾವಿಸಿಕೊಂಡಿರುತ್ತೇವೆ. ಎಷ್ಟೋ ಸಲ ಗಡಿಯೇ ಬಂದು ಜನರನ್ನು ದಾಟಿ ಹೋಗಿರುತ್ತದೆ. ಜನರು ಓಡಾಡುವ ದಾರಿ ಮಾತ್ರ ಗಡಿಯ ಮಾತು ಕೇಳುವುದಿಲ್ಲ. ಬೀದರಿನವರು, ಯಾದಗಿರಿಯವರು, ಸೇಡಂನವರು ದುಡಿಮೆಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ ಇವತ್ತಿಗೂ ಹೈದರಾಬಾದಿಗೆ ಹೋಗುತ್ತಾರೆ. ಅವರಿಗೆ ಬೆಂಗಳೂರು ರಾಜಧಾನಿ, ಹೈದರಾಬಾದ್ ಪೇಟೆ.

ಜನ ಊರು ಬಿಡುವುದೇಕೆ ಎಂದರೆ ಥಟ್ಟನೆ ಬರುವ ಉತ್ತರ ಬಡತನ. ಸುಳ್ಳಲ್ಲ, ಆದರೆ ಅರ್ಧ ಉತ್ತರ. ಬಡತನವೊಂದೇ ಕಾರಣವಾಗಿದ್ದರೆ ಅತಿ ಬಡವರೇ ಅತಿ ದೂರ ಹೋಗಿರಬೇಕಿತ್ತು. ಅವರು ಹಾಗೆ ಹೋಗುವುದಿಲ್ಲ, ಹೋಗಲಾರರು. ಒಂದೇ ಬರ, ಒಂದೇ ಸಾಲ ಇರುವ ಎರಡು ಹಳ್ಳಿಗಳಲ್ಲಿ ಒಂದು ಅರ್ಧ ಖಾಲಿಯಾಗುತ್ತದೆ, ಇನ್ನೊಂದರಲ್ಲಿ ಜನ ಅಲ್ಲೇ ಒದ್ದಾಡುತ್ತಾರೆ. ಮೊದಲ ಹಳ್ಳಿಯಿಂದ ಯಾರೋ ಒಬ್ಬರು ಹಿಂದೆಯೇ ಹೋಗಿರುತ್ತಾರೆ, ಒಂದು ರೈಲೋ ಒಬ್ಬ ಮೇಸ್ತ್ರಿಯೋ ಒಬ್ಬ ಸೋದರಮಾವನೋ ಇರುತ್ತಾನೆ ಎಂಬುದೇ ಎರಡರ ನಡುವಿನ ವ್ಯತ್ಯಾಸ. ಕಷ್ಟ ಜನರನ್ನು ಎಬ್ಬಿಸಬಹುದು, ಯಾವ ಕಡೆಗೆ ನಡೆಯಬೇಕೆಂದು ಹೇಳುವುದು ದಾರಿ. ಸಿಕಂದರಾಬಾದಿನಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಊರು ದಕ್ಷಿಣ ಭಾರತದಲ್ಲಿ ಕಡಿಮೆ. ಯಾಕೆಂದರೆ ಅದು ಹೊರಗಿನಿಂದ ಬಂದವರೇ ಕಟ್ಟಿದ ಊರು.

1798ರಲ್ಲಿ ಎರಡನೇ ಅಸಫ್ ಜಾ ನಿಜಾಮ್ ಅಲಿ ಖಾನ್ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ. ಕಂಪನಿಯ ಪಡೆ ಹೈದರಾಬಾದಿನ ಹುಸೇನ್ ಸಾಗರ ಕೆರೆಯ ಉತ್ತರಕ್ಕೆ ಬಯಲಿನಲ್ಲಿ ಬೀಡುಬಿಟ್ಟಿತು. 1806ರಲ್ಲಿ ಆ ದಂಡುಪ್ರದೇಶಕ್ಕೆ ಮೂರನೇ ನಿಜಾಮ ಸಿಕಂದರ್ ಜಾನ ಹೆಸರಿಟ್ಟರು. ಸಿಪಾಯಿಗಳು ಹೆಚ್ಚಾಗಿ ಮದ್ರಾಸ್ ಪ್ರಾಂತ್ಯದವರು. ಸೈನ್ಯ ಎಂದರೆ ಬಂದೂಕು ಹಿಡಿದವರಷ್ಟೇ ಅಲ್ಲ. ಅವರಿಗೆ ಅಕ್ಕಿ ಒದಗಿಸುವವರು, ಬಟ್ಟೆ ಹೊಲಿಯುವವರು, ಕುದುರೆಗೆ ಹುಲ್ಲು ತರುವವರು, ಲೆಕ್ಕ ಬರೆಯುವವರು ಹಿಂದೆಯೇ ಬಂದರು. ತಮಿಳು ಮೊದಲಿಯಾರರೂ ಪಿಳ್ಳೆಗಳೂ ಬಂದರು, ಮುಂಬಯಿ ಕಡೆಯಿಂದ ಪಾರ್ಸಿ ವ್ಯಾಪಾರಿಗಳು ಬಂದರು. ಮುಂದೆ ಇರಾನಿನಿಂದ ಬಂದವರು ಚಹಾದಂಗಡಿ ತೆರೆದರು. ರೆಜಿಮೆಂಟಲ್ ಬಜಾರ್, ಜನರಲ್ ಬಜಾರ್ ಎಂಬ ಹೆಸರುಗಳು ಆ ಕಾಲದಿಂದ ಉಳಿದವು. ಹಳೆಯ ಹೈದರಾಬಾದಿನ ಬಾರ್ಕಾಸ್ ಬಡಾವಣೆಯ ಹೆಸರಿನಲ್ಲೂ ಸೈನಿಕರ ಬ್ಯಾರಕ್ಕು ಅಡಗಿದೆ. ಯೆಮನ್‌ನ ಹದ್ರಮೌತ್‌ನಿಂದ ನಿಜಾಮರ ಪಡೆಗೆ ಸೇರಲು ಬಂದ ಅರಬರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರೆ. ಅರಬ್ಬೀ ಸಮುದ್ರದ ಆಚೆಯಿಂದ ದಖ್ಖನಿಗೆ ದುಡಿಯಲು ಬರುತ್ತಿದ್ದ ಕಾಲ ಅದು. 1973ರ ನಂತರ ತೈಲದ ಹಣ ಆ ಹರಿವನ್ನು ಪೂರ್ತಿ ತಿರುಗಿಸಿತು.

ಕನ್ನಡ ಸೀಮೆಗೆ ಸಿಕಂದರಾಬಾದಿನ ಬಾಗಿಲು ತೆರೆದದ್ದು 1874ರಲ್ಲಿ. ಮುಂಬಯಿ–ಮದ್ರಾಸ್ ರೈಲುಮಾರ್ಗ ನಿಜಾಮರ ರಾಜ್ಯವನ್ನು ಹಾದುಹೋಗುವಾಗ ಹೈದರಾಬಾದನ್ನು ಬದಿಗೆ ಬಿಟ್ಟು ಗುಲ್ಬರ್ಗಾ, ವಾಡಿ, ರಾಯಚೂರಿನ ಮೇಲೆ ಸಾಗಿತ್ತು. ರಾಜಧಾನಿಯನ್ನು ಅದಕ್ಕೆ ಜೋಡಿಸಲು ನಿಜಾಮ ಸರ್ಕಾರ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು, ವಿಕಾರಾಬಾದ್ ಮೂಲಕ ಸಾಗುವ ಆ ಹಳಿಯ ಮೊದಲ ಭಾಗ ಈಗ ಕರ್ನಾಟಕದಲ್ಲಿದೆ. ಅದನ್ನು ಹಾಕಿದವರ ಮನಸ್ಸಿನಲ್ಲಿದ್ದದ್ದು ಸರಕು, ಸೈನ್ಯ, ಮುಂಬಯಿ ಬಂದರು. ಸೇಡಂನ ಕೂಲಿಯವನು ಅವರ ಲೆಕ್ಕದಲ್ಲಿ ಇದ್ದಿರಲಾರ. ಆದರೆ ಒಂದೂವರೆ ಶತಮಾನದಿಂದ ಆ ಹಳಿಯ ಮೇಲೆ ಅವನೂ ಅವನ ಮಕ್ಕಳೂ ಓಡಾಡುತ್ತಿದ್ದಾರೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಪಕ್ಕದಲ್ಲೇ ಹಾದುಹೋಗುವ ಈ ದಾರಿಯಲ್ಲಿ ಹೋದ ಕನ್ನಡಿಗರು ಹೈದರಾಬಾದಿನ ಕಾಚಿಗುಡಾ ಭಾಗದಲ್ಲಿ ಕಟ್ಟಿದ ಶಾಲೆಗೆ ನೃಪತುಂಗನ ಹೆಸರನ್ನೇ ಇಟ್ಟರೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಅಲ್ಲಿಯೇ ಕರ್ನಾಟಕ ಸಾಹಿತ್ಯ ಮಂದಿರವೂ ಇದೆ.

ದಾರಿಯಿದ್ದ ಕಡೆ ವಿದ್ಯೆಗೂ ಜನ ಹೋಗುತ್ತಾರೆ. ಈಗಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಓದಿದ್ದು ಉಸ್ಮಾನಿಯಾದಲ್ಲಿ, ನೌಕರಿಗೆ ಸೇರಿದ್ದು ಹೈದರಾಬಾದ್ ಸರ್ಕಾರದಲ್ಲಿ. ರಾಜ್ಯ ಒಡೆದ ಮೇಲೆ ಅವರ ಸೇವೆ ಮೈಸೂರು ರಾಜ್ಯಕ್ಕೆ ಬಂತು. ಹಾಗೆ ಕಡತಗಳೊಂದಿಗೆ ಹೈದರಾಬಾದಿನಿಂದ ಬೆಂಗಳೂರಿಗೆ ಬಂದ ಕನ್ನಡ ಅಧಿಕಾರಿಗಳ, ಗುಮಾಸ್ತರ ಒಂದು ಪೀಳಿಗೆಯೇ ಇತ್ತು. ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಬರೆದು, ಇಂಗ್ಲಿಷಿನಲ್ಲಿ ಆಡಳಿತ ನಡೆಸಿದವರು ಅವರು. ಅವರಿಗೆ ಬೆಂಗಳೂರೇ ಪರಸ್ಥಳ.

ಹುಬ್ಬಳ್ಳಿಯವರಿಗೂ ಸಿಕಂದರಾಬಾದಿನ ನಂಟು ಹೀಗೇ ಒಂದು ಸರ್ಕಾರಿ ಆದೇಶದಿಂದ ಬಂತು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಸ್ಥಾಪನೆಯಾದಾಗ ಹುಬ್ಬಳ್ಳಿ ವಿಭಾಗವನ್ನು ಅದಕ್ಕೆ ಸೇರಿಸಿದರು. ಕೇಂದ್ರ ಕಚೇರಿ ಸಿಕಂದರಾಬಾದ್. 2003ರಲ್ಲಿ ನೈರುತ್ಯ ರೈಲ್ವೆ ಹುಬ್ಬಳ್ಳಿಯಲ್ಲೇ ಶುರುವಾಗುವವರೆಗೆ, ಮೂವತ್ತಾರು ವರ್ಷ, ಉತ್ತರ ಕರ್ನಾಟಕದ ರೈಲ್ವೆ ನೌಕರನ ಬಡ್ತಿ, ವರ್ಗಾವಣೆ, ತಕರಾರು ಎಲ್ಲದರ ದಾರಿಯೂ ಸಿಕಂದರಾಬಾದಿನ ಆ ಕಚೇರಿಗೇ ಹೋಗುತ್ತಿತ್ತು. ಬರದಿಂದಾಗಲಿ ಸಾಲದಿಂದಾಗಲಿ ಊರು ಬಿಟ್ಟವರಲ್ಲ ಇವರು, ಆದೇಶದ ಒಂದು ಹಾಳೆ ಬಂತು, ಹೊರಟರು. ಅದೂ ವಲಸೆಯೇ. ವರ್ಗಾವಣೆ ಎಂಬ ಗೌರವದ ಹೆಸರಿರುವುದರಿಂದ ನಾವು ಹಾಗೆ ಕರೆಯುವುದಿಲ್ಲ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಅರ್ನ್ಸ್ಟ್ ರಾವೆನ್‌ಸ್ಟೈನ್ ಎಂಬ ಭೂಗೋಳತಜ್ಞ 1885ರಲ್ಲಿ, 1881ರ ಬ್ರಿಟಿಷ್ ಜನಗಣತಿಯನ್ನು ಮುಂದಿಟ್ಟುಕೊಂಡು ವಲಸೆಯ ನಿಯಮಗಳನ್ನು ಬರೆದ. ಹೆಚ್ಚಿನವರು ಹೋಗುವುದು ಹತ್ತಿರದ ಊರಿಗೆ. ಹಳ್ಳಿಯವರು ಪಕ್ಕದ ಪೇಟೆಗೆ ಹೋದರೆ ಖಾಲಿಯಾದ ಜಾಗಕ್ಕೆ ಇನ್ನೂ ದೂರದ ಹಳ್ಳಿಯವರು ಬರುತ್ತಾರೆ. ಪ್ರತಿ ಹರಿವಿಗೂ ಎದುರು ಹರಿವೊಂದಿರುತ್ತದೆ. ಹತ್ತಿರದ ಸ್ಥಳಾಂತರದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಬ್ರಿಟನ್ನಿನ ಕಾರ್ಖಾನೆ ಪಟ್ಟಣಗಳನ್ನು ನೋಡಿ ಬರೆದ ಈ ಮಾತುಗಳು ಹೈದರಾಬಾದಿನ ಸುತ್ತ ಒಂದೊಂದಾಗಿ ನಿಜವಾಗುತ್ತವೆ.

ಎರಡನೆಯದನ್ನೇ ನೋಡಿ. ಕರೀಂನಗರ, ನಿಜಾಮಾಬಾದಿನ ಗಂಡಸರು ದುಬೈ, ಸೌದಿ, ಕುವೈತ್‌ಗಳಿಗೆ ಹೋದರು. ಅದೇ ತೆಲಂಗಾಣದ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರಲು ಬಿಹಾರದ ಹಮಾಲರು ಬಂದರು. ಹೈದರಾಬಾದಿನ ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೆ ಒಡಿಶಾದ ಬಲಾಂಗಿರ್, ನುವಾಪಡಾದ ಕುಟುಂಬಗಳು ಕಾಂಟಾಬಾಂಜಿ ನಿಲ್ದಾಣದಲ್ಲಿ ರೈಲು ಹತ್ತಿ ಬರುತ್ತವೆ, ಹೊರಡುವ ಮುನ್ನವೇ ಮುಂಗಡ ಪಡೆದು, ಆ ಮುಂಗಡ ತೀರುವವರೆಗೆ ಭಟ್ಟಿ ಬಿಡಲಾರದ ಸ್ಥಿತಿಯಲ್ಲಿ. ಪಾಲಮೂರು ಎಂದು ಜನ ಕರೆಯುವ ಮಹಬೂಬ್‌ನಗರದ ಕೂಲಿಗಳು ದೇಶದ ಎಷ್ಟೋ ಅಣೆಕಟ್ಟುಗಳಿಗೆ ಮಣ್ಣು ಹೊತ್ತವರು. ಅವರ ಸ್ವಂತ ಜಿಲ್ಲೆಯ ಎದೆಯ ಮೇಲೆ ಕೃಷ್ಣಾ ನದಿ ಹರಿಯುತ್ತಿದ್ದರೂ ಹೊಲಕ್ಕೆ ನೀರಿರಲಿಲ್ಲ.

ಪಾಲಮೂರಿನ ಪಶ್ಚಿಮದ ಅಂಚೇ ನಮ್ಮ ಯಾದಗಿರಿ, ರಾಯಚೂರು. ದುಡಿಮೆಗೆಂದು ಹೀಗೆ ಊರು ಬಿಡುವುದಕ್ಕೆ ಅಲ್ಲಿ ಗುಳೆ ಎನ್ನುತ್ತಾರೆ. ಕಲಬುರಗಿ ತೊಗರಿಯ ಕಣಜ, ಆ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಮಳೆಯನ್ನೇ ನಂಬಿದ ತೊಗರಿ ವರ್ಷಕ್ಕೆ ಒಂದೇ ಬೆಳೆ. ಮುಂಗಾರಿನಲ್ಲಿ ಬಿತ್ತಿ ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡಿದರೆ ಮುಂದಿನ ಮಳೆಯವರೆಗೆ ಹೊಲದಲ್ಲಿ ಕೂಲಿ ಇಲ್ಲ. ರಾಶಿ ಮುಗಿದ ಮೇಲೆ ತಾಂಡಾಗಳಲ್ಲಿ, ದಲಿತರ ಓಣಿಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಪುಣೆ, ಮುಂಬಯಿ, ಗೋವಾ, ಬೆಂಗಳೂರಿಗೆ, ಬಹಳಷ್ಟು ಮಂದಿ ಹೈದರಾಬಾದಿಗೆ. ಮುದುಕರು ಸಣ್ಣ ಮಕ್ಕಳನ್ನು ಇಟ್ಟುಕೊಂಡು ಊರಲ್ಲಿ ಉಳಿಯುತ್ತಾರೆ. ಕೇಳಿದರೆ ‘ದುಡಿಯಾಕ ಹೋಗ್ಯಾರ್ರೀ’ ಎಂಬ ಎರಡೇ ಮಾತು.

ಈ ಹೊರಡುವಿಕೆಯಲ್ಲಿ ಲೆಕ್ಕಾಚಾರವಿಲ್ಲ ಎಂದುಕೊಂಡರೆ ತಪ್ಪು. ಓಡೆಡ್ ಸ್ಟಾರ್ಕ್ ಎಂಬ ಅರ್ಥಶಾಸ್ತ್ರಜ್ಞ 1980ರ ದಶಕದಲ್ಲಿ ಒಂದು ಮುಖ್ಯ ಮಾತು ಹೇಳಿದ. ಊರು ಬಿಡುವ ತೀರ್ಮಾನ ಒಬ್ಬ ವ್ಯಕ್ತಿಯದಲ್ಲ, ಒಂದು ಮನೆಯದು. ಹೆಚ್ಚು ಸಂಬಳಕ್ಕಿಂತ ಹೆಚ್ಚಾಗಿ ಅಪಾಯವನ್ನು ಹಂಚಿಕೊಳ್ಳುವ ಉಪಾಯ ಅದು. ಚಿಂಚೋಳಿಯ ಮೂರು ಎಕರೆ ರೈತನ ಮನೆಯನ್ನು ಊಹಿಸಿಕೊಳ್ಳಿ. ತೊಗರಿಗೆ ಹುಳು ಬಿದ್ದರೆ ಅಥವಾ ಬೆಲೆ ಬಿದ್ದರೆ ಮನೆಯಲ್ಲಿದ್ದ ಐದೂ ಜನ ಒಟ್ಟಿಗೆ ಮುಳುಗುತ್ತಾರೆ. ಒಬ್ಬ ಮಗ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದರೆ, ತೊಗರಿ ಕೆಟ್ಟ ವರ್ಷವೂ ಅವನ ವಾರದ ಬಟವಾಡೆ ನಿಲ್ಲುವುದಿಲ್ಲ, ಯಾಕೆಂದರೆ ಹೈದರಾಬಾದಿನ ಕಟ್ಟಡಕ್ಕೂ ಚಿಂಚೋಳಿಯ ಮಳೆಗೂ ಸಂಬಂಧವಿಲ್ಲ. ಬೆಳೆವಿಮೆಯ ಹಣ ಕೈಗೆ ಬರುವ ಖಾತ್ರಿಯಿಲ್ಲದ ಕಡೆ ಮಗನೇ ವಿಮೆ. ಕೂಲಿ ಕಡಿಮೆಯಾದರೂ ಜನ ಹೋಗುತ್ತಲೇ ಇರುವುದಕ್ಕೆ ಇದು ಬಹಳ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಇನ್ನು ಎಲ್ಲಿಗೆ ಎಂಬುದನ್ನು ನಿರ್ಧರಿಸುವವನು ಮೇಸ್ತ್ರಿ ಅಥವಾ ನೆಂಟ. ಹೈದರಾಬಾದಿನಲ್ಲಿ ಬೆಳಿಗ್ಗೆ ಆರೇಳು ಗಂಟೆಗೆ ಕೂಲಿಗಾಗಿ ಕಾಯುವ ಅಡ್ಡಾಗಳಲ್ಲಿ ಸಲಿಕೆ, ಬುತ್ತಿ ಹಿಡಿದು ನಿಲ್ಲುವವರು ಊರೂರಿನ ಗುಂಪಾಗಿಯೇ ನಿಲ್ಲುತ್ತಾರೆ. ಒಂದೂರಿನವರಿಗೆ ಸ್ಲ್ಯಾಬು, ಇನ್ನೊಂದೂರಿನವರಿಗೆ ಬಂಡೆ ಹಾಸುವುದು. ಮೊದಲು ಹೋದವನು ಕಲಿತ ಕೆಲಸವನ್ನೇ ಹಿಂದೆ ಬಂದವರೂ ಕಲಿಯುತ್ತಾರೆ. ಉಡುಪಿಯ ಹೋಟೆಲಿನವರ ಕಥೆಯೂ ಇದೇ. ಕರಾವಳಿಯ ಹುಡುಗ ಸಿಕಂದರಾಬಾದಿಗೆ ಬಂದದ್ದು ನಕ್ಷೆ ನೋಡಿ ಅಲ್ಲ. ಊರಿನವರೊಬ್ಬರ ಹೋಟೆಲು ಅಲ್ಲಿತ್ತು, ಲೋಟ ತೊಳೆಯುವಲ್ಲಿಂದ ಗಲ್ಲಾಪೆಟ್ಟಿಗೆಯವರೆಗೆ ಏರುವ ಮೆಟ್ಟಿಲು ಅಲ್ಲಿತ್ತು.

ಹೆದರಿಕೆಯ ದಾರಿಯನ್ನು ಹೇಳದೆ ಈ ಊರಿನ ಕಥೆ ಹೇಳಲಾಗದು. 1947–48ರಲ್ಲಿ ನಿಜಾಮರ ಪರವಾಗಿದ್ದ ರಜಾಕಾರರ ದಾಳಿಗೆ ಹೆದರಿ ಹೈದರಾಬಾದ್ ರಾಜ್ಯದ ಕನ್ನಡ ಹಳ್ಳಿಗಳಿಂದ ಹಿಂದೂ ಕುಟುಂಬಗಳು ಗಡಿಯಾಚೆಯ ವಿಜಾಪುರ, ಗದಗ, ಸೊಲ್ಲಾಪುರ ಕಡೆಗೆ ಓಡಿದವು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗ ಇಂದಿಗೂ ಮರೆತಿಲ್ಲ. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮ ಶರಣಾದ ಮೇಲೆ ಏಟು ತಿರುಗಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತೆಂದು ಪಂಡಿತ್ ಸುಂದರ್‌ಲಾಲ್ ಸಮಿತಿ ವರದಿ ಮಾಡಿತು. ರಾಜ್ಯದಲ್ಲಿ ಸತ್ತವರ ಸಂಖ್ಯೆ 27ರಿಂದ 40 ಸಾವಿರ ಎಂಬುದು ಅದರ ಅಂದಾಜು. ಉಳಿದವರಲ್ಲಿ ಎಷ್ಟೋ ಮಂದಿ ಹೈದರಾಬಾದ್ ನಗರವೇ ಕ್ಷೇಮವೆಂದು ಅಲ್ಲಿಗೆ ಬಂದರು, ಕೆಲವರು ಕರಾಚಿಗೆ ಹೋದರು. ಅದೇ ಸೀಮೆ, ಅದೇ ವರ್ಷ, ಒಬ್ಬರ ನಂತರ ಒಬ್ಬರು ಓಡಿದರು. ಓಡುವವರಿಗೆ ಸಂಬಳದ ಲೆಕ್ಕ ಇರುವುದಿಲ್ಲ. ಜಗತ್ತಿನ ನಿರಾಶ್ರಿತರನ್ನೂ ದುಡಿಮೆಗೆ ಹೋದವರನ್ನೂ ಒಂದೇ ವಲಸಿಗರೆಂಬ ಮೂಟೆಗೆ ಕಟ್ಟುವ ರಾಜಕಾರಣಿಗಳ ಮಾತು ಕೇಳಿದಾಗೆಲ್ಲ ನನಗೆ ಈ ಎರಡು ಓಟಗಳು ನೆನಪಾಗುತ್ತವೆ.

ಎಲ್ಲಕ್ಕಿಂತ ದೊಡ್ಡ ವಲಸೆ ಮಾತ್ರ ಯಾರ ಕಣ್ಣಿಗೂ ವಲಸೆಯಾಗಿ ಕಾಣುವುದಿಲ್ಲ. 2020–21ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಂಡಸರ ಪೈಕಿ ಶೇ 10.7ರಷ್ಟು ಮಂದಿ ವಲಸಿಗರಾದರೆ ಹೆಂಗಸರ ಪೈಕಿ ಶೇ 47.9. ಆ ಹೆಂಗಸರಲ್ಲಿ ಶೇ 86.8ರಷ್ಟು ಮಂದಿ ಊರು ಬಿಟ್ಟದ್ದು ಮದುವೆಗಾಗಿ. ಬೀದರಿನ ಹುಡುಗಿಯನ್ನು ಜಹೀರಾಬಾದಿಗೆ, ಸೇಡಂನ ಹುಡುಗಿಯನ್ನು ತಾಂಡೂರಿಗೆ ಕೊಡುವಾಗ ಯಾರೂ ಅಂತರರಾಜ್ಯ ಎಂದು ಯೋಚಿಸುವುದಿಲ್ಲ. ಹೋದವಳು ಅಲ್ಲಿ ಕೂಲಿ ಮಾಡುತ್ತಾಳೆ, ಮನೆಗೆಲಸ ಮಾಡುತ್ತಾಳೆ, ತಮ್ಮನಿಗೆ ನಗರದಲ್ಲಿ ಉಳಿಯಲು ಜಾಗ ಕೊಡುತ್ತಾಳೆ. ಹಾಗೆ ಅಕ್ಕನ ಮನೆಯೇ ತಮ್ಮನ ವಲಸೆಯ ಮೊದಲ ನಿಲ್ದಾಣ. ಸಮೀಕ್ಷೆಯ ಕಾಗದದಲ್ಲಿ ಅವಳ ಹೆಸರಿನ ಮುಂದೆ ‘ಮದುವೆ’ ಎಂದಷ್ಟೇ ಬೀಳುವುದರಿಂದ ಅವಳ ದುಡಿಮೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ದೇಶ ಬಿಡುವವರ ಪ್ರಮಾಣ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶದ ಹೊರಗೆ ಬಾಳುತ್ತಿರುವವರು ಸುಮಾರು 30.4 ಕೋಟಿ, ಜಗತ್ತಿನ ಜನಸಂಖ್ಯೆಯ ಶೇ 3.7. ನಮ್ಮ 2011ರ ಜನಗಣತಿಯಲ್ಲಿ ಭಾರತವೊಂದರ ವಲಸಿಗರೇ 45 ಕೋಟಿ ದಾಟಿದ್ದರು. ದೂರ ಹೋಗಲು ಹಣ, ಓದು, ಪಾಸ್‌ಪೋರ್ಟು, ಜಾಮೀನಾಗುವ ನೆಂಟರು ಬೇಕು. ಆದ್ದರಿಂದಲೇ ಬಡ ದೇಶವೊಂದು ಸ್ವಲ್ಪ ಚೇತರಿಸಿಕೊಂಡಾಗ ಅಲ್ಲಿಂದ ಹೊರಹೋಗುವವರು ಕಡಿಮೆಯಾಗುವ ಬದಲು ಕೆಲಕಾಲ ಹೆಚ್ಚುತ್ತಾರೆ. ಹೈದರಾಬಾದಿನಲ್ಲೂ ಇದು ಕಾಣುತ್ತದೆ. 1998ರಲ್ಲಿ ಸೈಬರ್ ಟವರ್ಸ್ ತೆರೆಯಿತು. 2008ರಲ್ಲಿ ಸಿಕಂದರಾಬಾದಿಗೆ ಹೊಂದಿಕೊಂಡ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ಅಮೆರಿಕದ ದೂತಾವಾಸ ಶುರುವಾಯಿತು. ನಗರ ಶ್ರೀಮಂತವಾದಂತೆಲ್ಲ ಅಮೆರಿಕಕ್ಕೆ ಹೊರಟವರ ಸಾಲು ಬೆಳೆಯಿತು. ಅವರು ಬಿಟ್ಟುಹೋದ ಮನೆಗಳಿರುವ ಬಡಾವಣೆಗಳಲ್ಲಿ ಹೊಸ ಅಪಾರ್ಟ್‌ಮೆಂಟು ಕಟ್ಟುತ್ತಿರುವವರು ಯಾದಗಿರಿಯವರು, ಪಾಲಮೂರಿನವರು, ಜಾರ್ಖಂಡಿನವರು.

ಈ ಜಾರ್ಖಂಡಿನವರನ್ನು ದೇಶ ಮೊದಲ ಸಲ ಕಣ್ಣೆತ್ತಿ ನೋಡಿದ್ದು 2020ರ ಮೇ 1ರಂದು, ಕಾರ್ಮಿಕ ದಿನದಂದೇ. ಲಾಕ್‌ಡೌನ್‌ನಲ್ಲಿ ಸಿಲುಕಿ ಐದು ವಾರ ಕಳೆದ ಮೇಲೆ ಭಾರತದ ಮೊಟ್ಟಮೊದಲ ಶ್ರಮಿಕ ವಿಶೇಷ ರೈಲು ಹೈದರಾಬಾದಿನ ಅಂಚಿನ ಲಿಂಗಂಪಲ್ಲಿಯಿಂದ ರಾಂಚಿ ಬಳಿಯ ಹಟಿಯಾಕ್ಕೆ ಹೊರಟಿತು. ಅದರಲ್ಲಿದ್ದ ಸುಮಾರು 1,200 ಮಂದಿ ಕಂದಿಯ ಐಐಟಿ ಆವರಣದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದವರು. ವಾಡಿಯಿಂದ ಬರುವ ಅದೇ ಹಳಿಯ ಮೇಲಿರುವ ನಿಲ್ದಾಣ ಲಿಂಗಂಪಲ್ಲಿ. ಅದಾಗಿ ಒಂದು ವಾರಕ್ಕೆ ಬಿಹಾರದ ಖಗಡಿಯಾದಿಂದ ಇನ್ನೂರಕ್ಕೂ ಹೆಚ್ಚು ಹಮಾಲರನ್ನು ಹೊತ್ತ ರೈಲು ಅದೇ ಲಿಂಗಂಪಲ್ಲಿಗೆ ಬಂತು, ಅಕ್ಕಿ ಗಿರಣಿಗಳಿಗೆ ಅವರು ಬೇಕಿದ್ದರು. ದೇಶಕ್ಕೆ ದೇಶವೇ ಮನೆಗೆ ಹೊರಟಿದ್ದ ಆ ವಾರವೂ ರಾವೆನ್‌ಸ್ಟೈನನ ಎದುರು ಹರಿವು ನಿಂತಿರಲಿಲ್ಲ.

ಇಷ್ಟೊಂದು ಮಂದಿ ಓಡಾಡುತ್ತಿರುವಾಗ ನಮ್ಮ ಕಾನೂನುಗಳು ಜನ ಒಂದೇ ಕಡೆ ಕುಳಿತಿರುತ್ತಾರೆಂದೇ ನಂಬಿಕೊಂಡಿವೆ. 2016–17ರ ಆರ್ಥಿಕ ಸಮೀಕ್ಷೆ ರೈಲಿನ ಕಾಯ್ದಿರಿಸದ ಟಿಕೆಟ್ಟುಗಳ ಲೆಕ್ಕ ಹಿಡಿದು, ವರ್ಷಕ್ಕೆ ಸುಮಾರು 90 ಲಕ್ಷ ಮಂದಿ ದುಡಿಮೆಗಾಗಿ ರಾಜ್ಯ ದಾಟುತ್ತಾರೆಂದು ಅಂದಾಜಿಸಿತು. ರೇಷನ್ನಿನಲ್ಲಿ ಸ್ವಲ್ಪ ಸುಧಾರಣೆಯಾಗಿದೆ. 2020ರ ಜನವರಿಯಿಂದ ಕರ್ನಾಟಕ, ತೆಲಂಗಾಣಗಳೆರಡೂ ಒಂದೇ ಪಡಿತರ ಚೀಟಿಯ ಯೋಜನೆಗೆ ಸೇರಿವೆ. ಕಟ್ಟಡ ಕಾರ್ಮಿಕರ ವಿಷಯದಲ್ಲಿ ಹಾಗಾಗಿಲ್ಲ. 1996ರ ಕಾಯ್ದೆ ತಂದ ಪದ್ಧತಿಯಂತೆ ಪ್ರತಿ ದೊಡ್ಡ ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಕಟ್ಟಬೇಕು, ಅದು ಆಯಾ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದಿರಬೇಕು. ಸುರಪುರದ ಹೆಣ್ಣುಮಗಳು ಹೈದರಾಬಾದಿನಲ್ಲಿ ಇಟ್ಟಿಗೆ ಹೊತ್ತ ಕಟ್ಟಡದ ಸೆಸ್ ತೆಲಂಗಾಣದ ಮಂಡಳಿಯಲ್ಲಿ ಕೂಡುತ್ತದೆ. ಅವಳ ಕಾರ್ಡು, ಇದ್ದರೆ, ಕರ್ನಾಟಕದ ಮಂಡಳಿಯದು. ಹೆರಿಗೆ ನೆರವಾಗಲಿ, ಮಗಳ ವಿದ್ಯಾರ್ಥಿವೇತನವಾಗಲಿ ಬೇಕಾದಾಗ ದುಡಿದ ಊರಿನಲ್ಲಿ ಅವಳ ಹೆಸರಿರುವುದಿಲ್ಲ, ಹೆಸರಿದ್ದ ಊರಿನಲ್ಲಿ ದುಡಿದ ದಾಖಲೆ ಇರುವುದಿಲ್ಲ.

ಹೈದರಾಬಾದಿನಲ್ಲಿ ದುಡಿದ ದಿನಗಳನ್ನು ಕರ್ನಾಟಕದ ಮಂಡಳಿ ಒಪ್ಪುವಂತೆ, ಇಲ್ಲಿಯ ಕಾರ್ಡನ್ನು ತೆಲಂಗಾಣ ಮಾನ್ಯ ಮಾಡುವಂತೆ ಎರಡು ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಳ್ಳುವುದು ಅಸಾಧ್ಯದ ಮಾತೇನಲ್ಲ. ಒಂದೇ ರಾಜ್ಯದಿಂದ ಮೂರು ರಾಜ್ಯಗಳಿಗೆ ಹಂಚಿಹೋದ ಜನರ ಸೇವಾ ಪುಸ್ತಕ, ಪಿಂಚಣಿ, ಹಿರಿತನಗಳನ್ನು 1956ರ ನಂತರ ಕೈಬರಹದಲ್ಲೇ ಸರಿದೂಗಿಸಿದ ಆಡಳಿತದ ಉತ್ತರಾಧಿಕಾರಿಗಳು ಈ ಎರಡು ಸರ್ಕಾರಗಳು. ಗುಳೆ ಹೋಗುವ ತಾಲ್ಲೂಕುಗಳ ಪಂಚಾಯಿತಿಗಳಲ್ಲಿ ಹೊರಟವರ ಹೆಸರು, ಹೋದ ಊರು, ಕರೆದೊಯ್ದ ಮೇಸ್ತ್ರಿಯ ಹೆಸರು ಬರೆದಿಡುವ ಒಂದು ಪುಸ್ತಕ, ಹೈದರಾಬಾದಿನ ಅಡ್ಡಾಗಳ ಹತ್ತಿರ ಕನ್ನಡ ಬಲ್ಲ ಸಿಬ್ಬಂದಿ ಇರುವ ಒಂದು ನೋಂದಣಿ ಕೇಂದ್ರ, ಇವೆರಡನ್ನು ಮುಂದಿನ ತೊಗರಿ ರಾಶಿಯೊಳಗೆ ಶುರುಮಾಡಬಹುದು.